ಭೂಮಿಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಊರುಗಳನ್ನು ಭೂಪಟದ ಮೇಲೆ ಗೆರೆ ಎಳೆದು ಕೂಡಿಸಿದರೆ ಒಂದು ತ್ರಿಕೋನವಾಗುತ್ತದೆ. ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ನಮ್ಮ ಶಾಲೆಗಳಲ್ಲಿ ಓದುವ ಮಕ್ಕಳೆಲ್ಲರೂ ಬಲ್ಲರು. ಆದರೆ ಈ ಮೂರೂ ಊರುಗಳಲ್ಲಿ ಒಂದೊಂದಾಗಿ ನಿಂತು, ಉಳಿದೆರಡು ಊರುಗಳ ನಡುವಣ ಕೋನವನ್ನು ಅತ್ಯಂತ ನಿಷ್ಕೃಷ್ಟವಾದ ಯಂತ್ರದಿಂದ ಅಳೆದು ಕೂಡಿಸಿದರೆ ಮೊತ್ತವು 180 ಡಿಗ್ರಿಗಿಂತ ತುಸು ಹೆಚ್ಚಾಗಿಯೇ ಬರುತ್ತದೆ. ಆ ಹೆಚ್ಚಳ ಸುಮಾರು ಒಂದು ಸೆಕೆಂಡು, ಎಂದರೆ ಒಂದು ಡಿಗ್ರಿಯ 3600 ಪಾಲುಗಳಲ್ಲಿ ಒಂದು ಪಾಲು. ಇದು ಯಂತ್ರದ ದೋಷವಲ್ಲ, ಅಳೆದವನ ಅಜಾಗರೂಕತೆಯೂ ಅಲ್ಲ. ಪುಸ್ತಕದ ತ್ರಿಕೋನವು ಚಪ್ಪಟೆಯಾದ ಹಾಳೆಯ ಮೇಲಿದೆ. ನಮ್ಮ ಮೂರು ಊರುಗಳು ಗುಂಡಾದ ಭೂಮಿಯ ಮೇಲಿವೆ. ಉಬ್ಬಿದ ನೆಲದ ಮೇಲಿನ ತ್ರಿಕೋನಕ್ಕೆ ಅದರ ವಿಸ್ತೀರ್ಣಕ್ಕೆ ತಕ್ಕಷ್ಟು ಹೆಚ್ಚುವರಿ ಕೋನ ಇದ್ದೇ ಇರುತ್ತದೆ.

ಇಷ್ಟು ಸೂಕ್ಷ್ಮವಾದ ಹೆಚ್ಚುಕಡಿಮೆಯನ್ನೂ ಬಿಡದೆ ಎಣಿಸಿ, ದಕ್ಷಿಣ ಭಾರತದ ಉದ್ದಗಲಕ್ಕೆ ತ್ರಿಕೋನಗಳ ಬಲೆಯನ್ನು ಹಾಸಿ, ಆ ಮೂಲಕ ಭೂಮಿಯ ಆಕಾರವನ್ನೇ ತಿಳಿಯಲು ಹೊರಟವರು ವಿಲಿಯಂ ಲ್ಯಾಂಬ್ಟನ್. ಆ ಮಹಾಕಾರ್ಯದ ಸಂಕಲ್ಪ ಮೂಡಿದ್ದು ಶ್ರೀರಂಗಪಟ್ಟಣದ ಯುದ್ಧದ ಬೆನ್ನಿನಲ್ಲಿ ಎಂಬ ಸಂಗತಿ ನಮ್ಮ ಜಿಲ್ಲೆಯಲ್ಲಿಯೇ ಅನೇಕರಿಗೆ ತಿಳಿಯದು. ಆದುದರಿಂದ ಈ ವಾರ ಅವರ ಜೀವನವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಲ್ಯಾಂಬ್ಟನ್ನರು ಹುಟ್ಟಿದ್ದು 1753ರ ಸುಮಾರಿಗೆ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಒಂದು ಸಾಮಾನ್ಯ ಕುಟುಂಬದಲ್ಲಿ. ಸಿರಿವಂತಿಕೆಯಾಗಲಿ ದೊಡ್ಡವರ ಶಿಫಾರಸಾಗಲಿ ಅವರಿಗಿರಲಿಲ್ಲ. ಇದ್ದುದು ಗಣಿತದ ಒಲವು ಮಾತ್ರ. 1781ರಲ್ಲಿ ಸೇನೆಗೆ ಸೇರಿ ಅಮೆರಿಕಾ ಖಂಡಕ್ಕೆ ಹೋದರು. ಅಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಚಳಿನಾಡಿನಲ್ಲಿ ಸೇನಾವಸತಿಗಳ ಉಸ್ತುವಾರಿಯ ಸಣ್ಣ ಹುದ್ದೆಯೊಂದರಲ್ಲಿ ಸುಮಾರು ಹದಿಮೂರು ವರ್ಷಗಳನ್ನು ಕಳೆದರು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಹೋಗಿ ಒಂದು ಕಣ್ಣಿನ ದೃಷ್ಟಿ ಕುಂದಿದ್ದು ಅಲ್ಲಿಯೇ ಎಂದು ಪ್ರತೀತಿ. ಜೊತೆಯವರು ಬಡ್ತಿಗಳನ್ನು ಪಡೆದು ಮುಂದೆ ಹೋಗುತ್ತಿದ್ದಾಗ ಇವರು ಗಣಿತ ಮತ್ತು ಖಗೋಳಶಾಸ್ತ್ರದ ಗ್ರಂಥಗಳನ್ನು ಒಬ್ಬರೇ ಕುಳಿತು ಅಭ್ಯಾಸ ಮಾಡುತ್ತಿದ್ದರು. ಲೋಕದ ಕಣ್ಣಿಗೆ ವ್ಯರ್ಥವೆಂದು ತೋರುವ ಇಂತಹ ವರ್ಷಗಳು ಕೆಲವರ ಬಾಳಿನಲ್ಲಿ ಬೇರು ಇಳಿಯುವ ಕಾಲವಾಗಿರುತ್ತವೆ. ತಮ್ಮ ಪಡೆಯನ್ನು ಕೂಡಿಕೊಂಡು ಅವರು ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಆ ಪಡೆಯ ನಾಯಕರು, ಮುಂದೆ ವೆಲಿಂಗ್ಟನ್ ಪ್ರಭುವಾಗಿ ಪ್ರಸಿದ್ಧರಾದ ಆರ್ಥರ್ ವೆಲ್ಲೆಸ್ಲಿ.

1799ರಲ್ಲಿ ಟಿಪ್ಪು ಸುಲ್ತಾನರ ಮೇಲೆ ಕಂಪನಿಯ ಸೇನೆ ಏರಿಬಂದಿತು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗ ನಡೆಯಿತು. ಅನಂತರ ಸೇನೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಆ ಸೇನೆಯಲ್ಲಿ ಲ್ಯಾಂಬ್ಟನ್ನರು ಜನರಲ್ ಬೇರ್ಡರ ಅಧೀನದಲ್ಲಿದ್ದರು. ಏಪ್ರಿಲ್ ತಿಂಗಳ ಒಂದು ರಾತ್ರಿ ಸುಲ್ತಾನ್‌ಪೇಟೆಯ ತೋಪನ್ನು ಶೋಧಿಸಲು ಹೋದ ಪಡೆಯೊಂದು ಕತ್ತಲಿನಲ್ಲಿ ಹಿಂದಿರುಗುತ್ತಿತ್ತು. ಲ್ಯಾಂಬ್ಟನ್ನರು ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ಪಡೆ ದಿಕ್ಕು ತಪ್ಪಿ ಶತ್ರುವಿನ ಪಾಳೆಯದ ಕಡೆಗೇ ನಡೆಯುತ್ತಿದೆಯೆಂದು ಸೇನಾನಿಗೆ ಅರಿಕೆ ಮಾಡಿದರು. ನಕ್ಷತ್ರಗಳ ನೆರವಿಲ್ಲದೆ ದಾರಿ ಕಾಣಲು ತಮಗೆ ಬರುತ್ತದೆಂದು ಬೇರ್ಡರು ಮೊದಲು ಅಲಕ್ಷ್ಯ ಮಾಡಿದರು. ದಿಕ್ಸೂಚಿಯನ್ನು ನೋಡಿದಾಗ ನಕ್ಷತ್ರಗಳೇ ಸರಿಯೆಂದು ತಿಳಿಯಿತು. ಆಕಾಶದ ಕ್ರಮವನ್ನು ಓದಬಲ್ಲ ಒಬ್ಬನಿದ್ದುದರಿಂದ ಆ ರಾತ್ರಿ ಅನೇಕರ ಜೀವ ಉಳಿಯಿತು.

ಮೇ 4ರಂದು ಕೋಟೆ ಬಿದ್ದಿತು. ಟಿಪ್ಪು ಸುಲ್ತಾನರು ಹೋರಾಡುತ್ತಲೇ ಮಡಿದರು. ಆ ದಿನದ ಸಾವುನೋವನ್ನೂ ಲೂಟಿಯನ್ನೂ ನಮ್ಮ ನಾಡು ಮರೆತಿಲ್ಲ, ಮರೆಯಬೇಕೆಂದು ನಾವು ಹೇಳುವುದೂ ಇಲ್ಲ. ಗೆದ್ದವರಿಗೆ ಗೆದ್ದ ನೆಲದ ಲೆಕ್ಕ ಬೇಕಾಗಿತ್ತು. ಕಾಲಿನ್ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯ ಊರು, ಕೆರೆ, ದಾರಿಗಳನ್ನು ಗುರುತಿಸುವ ಮೋಜಣಿಗೆ ನೇಮಕಗೊಂಡರು. ಅದೇ ವರ್ಷದ ಕೊನೆಯಲ್ಲಿ ಲ್ಯಾಂಬ್ಟನ್ನರು ಬೇರೊಂದು ಯೋಜನೆಯನ್ನು ಮುಂದಿಟ್ಟರು. ಪೂರ್ವ ಕಡಲಿನಿಂದ ಪಶ್ಚಿಮ ಕಡಲಿನವರೆಗೆ ತ್ರಿಕೋನಗಳ ಸರಣಿಯೊಂದನ್ನು ಎಳೆದು ಪ್ರತಿಯೊಂದು ಮುಖ್ಯ ಸ್ಥಳದ ನೆಲೆಯನ್ನೂ ನಿಶ್ಚಯಿಸುವುದು ಅದರ ಹೊರಮುಖ. ಒಳಗಿನ ಆಸೆ ಇನ್ನೂ ದೊಡ್ಡದು: ಭೂಮಿ ಎಷ್ಟರ ಮಟ್ಟಿಗೆ ಗುಂಡಾಗಿದೆ, ಎಷ್ಟರ ಮಟ್ಟಿಗೆ ಚಪ್ಪಟೆಯಾಗಿದೆ ಎಂದು ತಿಳಿಯುವುದು. ವೆಲ್ಲೆಸ್ಲಿಯವರ ಬೆಂಬಲದಿಂದ 1800ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಸೈನ್ಯದ ಹಣದಲ್ಲಿ ಶುದ್ಧ ಜ್ಞಾನದ ಪ್ರಶ್ನೆಯೊಂದನ್ನು ಕೇಳುವ ಜಾಣ್ಮೆ ಈ ಮೌನಿಯಾದ ಮನುಷ್ಯನಲ್ಲಿತ್ತು.

ವಿಧಾನವನ್ನು ಸ್ವಲ್ಪ ವಿವರಿಸಬೇಕು. ನಮ್ಮ ರೈತರಿಗೆ ಗುಂಟೆಯ ಲೆಕ್ಕ ಹೊಸದಲ್ಲ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಗದ್ದೆಯನ್ನು ಸರಪಳಿ ಎಳೆದು ಅಳೆಯಬಹುದು. ಆದರೆ ಬೆಟ್ಟ, ಕಣಿವೆ, ಹೊಳೆಗಳನ್ನು ದಾಟಿ ನೂರಾರು ಮೈಲಿ ಸರಪಳಿ ಎಳೆಯುವುದು ಸಾಧ್ಯವೇ? ಇಲ್ಲಿ ತ್ರಿಕೋನ ನೆರವಿಗೆ ಬರುತ್ತದೆ. ತ್ರಿಕೋನದ ಒಂದು ಭುಜದ ಉದ್ದವೂ ಅದರ ಎರಡು ತುದಿಗಳ ಕೋನಗಳೂ ಗೊತ್ತಾದರೆ ಉಳಿದೆರಡು ಭುಜಗಳನ್ನು ಅಳೆಯಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ. ಹಾಗೆ ದೊರೆತ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಆದುದರಿಂದ ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಪ್ರಾಮಾಣಿಕವಾಗಿ ಅಳೆದರೆ ಸಾಕು. ಮುಂದಿನದೆಲ್ಲ ಒಂದು ಬೆಟ್ಟದ ತಲೆಯಿಂದ ಇನ್ನೊಂದು ಬೆಟ್ಟದ ತಲೆಯನ್ನು ನೋಡುವ ಕೆಲಸ. ಆ ಮೊದಲ ಗೆರೆಯಲ್ಲಿ ತಪ್ಪಿದರೆ ಮಾತ್ರ ಕಡೆಯವರೆಗೂ ಎಲ್ಲವೂ ತಪ್ಪುತ್ತದೆ.

ಅಂತಹ ಆಧಾರರೇಖೆಯೊಂದನ್ನು ಲ್ಯಾಂಬ್ಟನ್ನರು 1800ರಲ್ಲಿ ಬೆಂಗಳೂರಿನ ಬಳಿ ಅಳೆದರು. ಅವರ 100 ಅಡಿಯ ಉಕ್ಕಿನ ಸರಪಳಿಗೂ ಒಂದು ಕಥೆಯುಂಟು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಇಂಗ್ಲೆಂಡಿನಿಂದ ಹೋದ ವಸ್ತುಗಳಲ್ಲಿ ಅದೂ ಒಂದು. ಅಲ್ಲಿ ಅದು ಯಾರಿಗೂ ಬೇಡವಾಗಿ ಕಲ್ಕತ್ತೆಗೆ ಬಂದು ಸೇರಿತ್ತು. ಕೋನಗಳನ್ನು ಅಳೆಯುವ ಸುಮಾರು ಅರ್ಧ ಟನ್ ತೂಕದ ದೊಡ್ಡ ಥಿಯೋಡೊಲೈಟ್ ಯಂತ್ರವನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಸೆರೆಹಿಡಿದು ಮಾರಿಷಸ್ಸಿಗೆ ಒಯ್ದರು. ಅದು ಯುದ್ಧಸಾಮಗ್ರಿಯಲ್ಲ, ವಿಜ್ಞಾನದ ಸಾಧನ ಎಂದರಿತ ಅಲ್ಲಿನ ಫ್ರೆಂಚ್ ಗವರ್ನರರು ಗೌರವಪೂರ್ವಕವಾಗಿ ಅದನ್ನು ಮದರಾಸಿಗೆ ಕಳುಹಿಸಿಕೊಟ್ಟರು. ಎರಡು ರಾಷ್ಟ್ರಗಳು ಕತ್ತಿ ಹಿರಿದು ನಿಂತಿದ್ದ ಕಾಲದಲ್ಲಿ ಹೀಗೆ ನಡೆಯಿತು.

1802ರ ಏಪ್ರಿಲ್‌ನಲ್ಲಿ ಮದರಾಸಿನ ಸಂತ ತೋಮಾಸರ ಬೆಟ್ಟದ ಬಳಿ ಎರಡನೆಯ ಆಧಾರರೇಖೆಯ ಕೆಲಸ ಆರಂಭವಾಯಿತು. ಪ್ರೇಷಿತ ತೋಮಾಸರು ರಕ್ತಸಾಕ್ಷಿಯಾದರೆಂದು ನಮ್ಮ ಪೂರ್ವಿಕರು ನಂಬಿ ಬಂದ ಆ ಬೆಟ್ಟದ ಬುಡದಲ್ಲಿ ಏಳೂವರೆ ಮೈಲಿಯ ಗೆರೆಯೊಂದನ್ನು, ನೂರಡಿಯ ಸರಪಳಿಯನ್ನು ಸುಮಾರು 400 ಬಾರಿ ಹಾಸಿ ಅಳೆದರು. ಅದು ಕಡುಬೇಸಗೆ. ಉಕ್ಕು ಬಿಸಿಗೆ ಹಿಗ್ಗುತ್ತದೆ. ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನೂರಡಿಯ ಸರಪಳಿ ಹಿಗ್ಗುವುದು ಅಂಗುಲದ ನೂರಮೂವತ್ತನೆಯ ಒಂದು ಪಾಲಿನಷ್ಟು. ಅದೇನು ಮಹಾ ಎನ್ನುವಂತಿಲ್ಲ; 400 ಬಾರಿ ಹಾಸುವಾಗ ಅದೇ ಮೂರು ಅಂಗುಲವಾಗುತ್ತದೆ. ಅದಕ್ಕಾಗಿ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣಮಾಪಕವಿಟ್ಟು, ಪ್ರತಿ ಬಾರಿಯೂ ಬಿಸಿಯನ್ನು ಬರೆದುಕೊಂಡು ಲೆಕ್ಕ ತಿದ್ದುತ್ತಿದ್ದರು. ಅಲ್ಲಿಂದ ತ್ರಿಕೋನಗಳು ಸರಣಿಯಾಗಿ ಪಶ್ಚಿಮಕ್ಕೆ ಹೊರಟು ಬೆಂಗಳೂರನ್ನು ಮುಟ್ಟಿದ ಮೇಲೆ, 1804ರಲ್ಲಿ, ಅಲ್ಲಿ ಮತ್ತೊಂದು ಗೆರೆಯನ್ನು ಪರೀಕ್ಷೆಗಾಗಿ ನೆಲದ ಮೇಲೆಯೇ ಅಳೆದು ನೋಡಿದರು. ಮದರಾಸಿನಿಂದ ಲೆಕ್ಕದ ಮೂಲಕ ಬಂದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಇದ್ದ ಅಂತರ ನಾಲ್ಕು ಅಂಗುಲದಷ್ಟೂ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗಲು ನಮಗೆ ಮನಸ್ಸಾಗದು. ಬೆಟ್ಟಗಳ ನಡುವೆ ತ್ರಿಕೋನಗಳು ಎಲ್ಲಿವೆ? ಸಾವನದುರ್ಗದ ಬಂಡೆಯ ಮೇಲೆ ನಿಂತವನಿಗೆ ಗೆರೆಗಳು ಕಾಣುವುದಿಲ್ಲ. ಜೇನುಗೂಡಿನ ಆರು ಮೂಲೆಗಳನ್ನು, ಸೂರ್ಯಕಾಂತಿಯ ಬೀಜಗಳ ಸುರುಳಿಯನ್ನು ಕಣ್ಣಾರೆ ಕಂಡು ಪ್ರಕೃತಿಯಲ್ಲಿ ಗಣಿತವಿದೆ ಎನ್ನುತ್ತೇವೆ. ಆದರೆ ಗಾತ್ರವಿಲ್ಲದ ಬಿಂದು, ಅಗಲವಿಲ್ಲದ ರೇಖೆ ಯಾವ ಹೊಲದಲ್ಲಿಯೂ ಬೆಳೆಯುವುದಿಲ್ಲ. ಪ್ಲೇಟೋ ಅವುಗಳಿಗೆ ಬೇರೆಯೇ ಲೋಕವೊಂದನ್ನು ಕಲ್ಪಿಸಿದನು. ಅರಿಸ್ಟಾಟಲನ ಜಾಡಿನಲ್ಲಿ ನಡೆದ ಸಂತ ತೋಮಾಸ್ ಅಕ್ವಿನಾಸರು, ವಸ್ತುಗಳಲ್ಲಿಯೇ ಇರುವ ಪರಿಮಾಣವನ್ನು ನಮ್ಮ ಬುದ್ಧಿಯು ವಸ್ತುವಿನಿಂದ ಬಿಡಿಸಿ ನೋಡುತ್ತದೆಂದು ತಿಳಿಸಿದರು. 1623ರಲ್ಲಿ ಗೆಲಿಲಿಯೋ ಪ್ರಕೃತಿಯೆಂಬ ಗ್ರಂಥ ಗಣಿತದ ಭಾಷೆಯಲ್ಲಿಯೇ ಬರೆಯಲ್ಪಟ್ಟಿದೆಯೆಂದು ಸಾರಿದನು. ಬೆಂಗಳೂರಿನಲ್ಲಿ ಪರೀಕ್ಷೆಯ ಗೆರೆ ಅಳೆದ 1804ರಲ್ಲಿಯೇ ತೀರಿಕೊಂಡ ಜರ್ಮನ್ ತತ್ತ್ವಜ್ಞಾನಿ ಕಾಂಟ್, ರೇಖಾಗಣಿತದ ನಿಯಮಗಳು ಹೊರಗಿನಿಂದ ಬಂದವಲ್ಲ, ನಮ್ಮ ಮನಸ್ಸು ಲೋಕವನ್ನು ಕಾಣುವ ರೀತಿಯೇ ಅವು ಎಂದಿದ್ದನು. ಗುರುಮಠದಲ್ಲಿ ಈ ವಾದಗಳನ್ನೆಲ್ಲ ಓದಿದ ನಮಗೆ, ಸರಪಳಿ ಹಿಡಿದು ಬಿಸಿಲಿನಲ್ಲಿ ನಿಂತ ಲ್ಯಾಂಬ್ಟನ್ನರ ಬಾಳಿನಲ್ಲಿ ಅವು ಹೊಸ ಬೆಳಕಿನಲ್ಲಿ ಕಾಣುತ್ತವೆ. ಗಣಿತವು ಭಾಷೆಯೇ ಹೌದು. ಆದರೆ ಆ ಭಾಷೆಯಲ್ಲಿ ನಾವು ಪ್ರಶ್ನೆ ಕೇಳಬಹುದಲ್ಲದೆ ಉತ್ತರವನ್ನು ನಾವೇ ಬರೆದುಕೊಳ್ಳುವಂತಿಲ್ಲ. ಉತ್ತರ ನೆಲದಿಂದಲೇ ಬರಬೇಕು. ಮುಂದೆ ಲ್ಯಾಂಬ್ಟನ್ನರಿಗೆ ಒದಗಿದ ಸಂಕಟವೂ ಇದೇ.

ಆ ಸಂಕಟಕ್ಕೆ ಮೊದಲು ಅವರ ಸಹಾಯಕರ ಎರಡು ಮಾತು. ಜಾನ್ ವಾರೆನ್ ಎಂಬವರು ಮೈಸೂರಿನ ಗಡಿಯನ್ನು ಗುರುತಿಸುತ್ತಾ 1802ರಲ್ಲಿ ಕೋಲಾರದ ಚಿನ್ನದ ವಿಷಯವನ್ನು ಕೇಳಿ, ಪರಿಶೀಲಿಸಿ, ಬರೆದಿಟ್ಟರು. ಹೆನ್ರಿ ಕೇಟರ್ ಎಂಬ ತರುಣರ ಕಣ್ಣಿಗೆ ಬಿದ್ದದ್ದು ನಮ್ಮ ದನ ಮೇಯಿಸುವ ಹುಡುಗರೆಲ್ಲ ಬಲ್ಲ ಊಬಿನ ಹುಲ್ಲು. ಬಟ್ಟೆಗೆ ಚುಚ್ಚಿಕೊಂಡು ಪೀಡಿಸುವ ಅದರ ಊಬು ಹಗ್ಗದಂತೆ ಹುರಿಗೊಂಡಿರುತ್ತದೆ. ತೇವ ತಗುಲಿದರೆ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಬಿಗಿಯುತ್ತದೆ. ಬೀಜವನ್ನು ನೆಲಕ್ಕೆ ತಿರುಪಿ ಇಳಿಸಲು ಪ್ರಕೃತಿ ಮಾಡಿಕೊಂಡ ಉಪಾಯವದು. ಕೇಟರರು ಆ ಊಬಿಗೆ ಮುಳ್ಳನ್ನು ಜೋಡಿಸಿ, ಅಂಕೆಗಳ ಬಿಲ್ಲೆಯನ್ನಿಟ್ಟು, ಗಾಳಿಯ ತೇವವನ್ನು ಅಳೆಯುವ ಸೂಕ್ಷ್ಮ ಉಪಕರಣವನ್ನು ಮಾಡಿದರು. ಹುಲ್ಲಿನ ಕನ್ನಡ ಹೆಸರನ್ನೂ ತಮ್ಮ ಲೇಖನದಲ್ಲಿ ಬರೆದರು. ತುಳಿದು ಹೋಗುವ ಹುಲ್ಲಿನಲ್ಲಿ ಒಂದು ಕ್ರಮವನ್ನು ಕಂಡು ಅದಕ್ಕೆ ಅಂಕೆಯ ನಾಲಗೆ ಕೊಟ್ಟ ಈ ಪ್ರಸಂಗವನ್ನು ನಮ್ಮ ವಿಜ್ಞಾನದ ಉಪಾಧ್ಯಾಯರು ತರಗತಿಯಲ್ಲಿ ಹೇಳಿದರೆ ಒಳ್ಳೆಯದು.

ತ್ರಿಕೋನಗಳು ಮಂಗಳೂರಿನ ಕಡಲನ್ನು ಮುಟ್ಟಿದಾಗ ಪರ್ಯಾಯ ದ್ವೀಪದ ಅಗಲ ಅಂದಿನ ಭೂಪಟಗಳಲ್ಲಿ ಇದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ತಿಳಿದುಬಂದಿತು. ಮದರಾಸಿನ ಕಚೇರಿಯಲ್ಲಿ ಇದಕ್ಕೆ ಮೆಚ್ಚುಗೆಗಿಂತ ಆಕ್ಷೇಪವೇ ಹೆಚ್ಚಾಗಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ತನ್ನ ಪಲ್ಲಕ್ಕಿ ಹೊರುವವರ ಮುಖ್ಯಸ್ಥನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನರ ನಕ್ಷೆಯ ಗೊಡವೆಯಿಲ್ಲದೆಯೇ ಅವನು ಮುಟ್ಟಿಸುತ್ತಾನೆ, ಇದಕ್ಕೇಕೆ ಇಷ್ಟು ಖರ್ಚು ಎಂದು ಹಣಕಾಸಿನ ಅಧಿಕಾರಿಯೊಬ್ಬರು ವಾದಿಸಿದರಂತೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ; ಬೋವಿಗಳಿಗೆ ದಾರಿ ಗೊತ್ತಿತ್ತು. ಆದರೆ ದಾರಿ ಬಲ್ಲವರಿಗೂ ದಾರಿ ಹಾದುಹೋಗುವ ಭೂಮಿ ಎಂಥದೆಂದು ತಿಳಿದಿರುವುದಿಲ್ಲ. ಲೆಕ್ಕದ ಪಾಠ ಯಾವ ಕೆಲಸಕ್ಕೆ ಬರುತ್ತದೆಂದು ಮಕ್ಕಳನ್ನು ಹೀಯಾಳಿಸುವ ಹಿರಿಯರು ಇಂದಿಗೂ ಆ ಅಧಿಕಾರಿಯ ವಂಶದವರೇ. ಲ್ಯಾಂಬ್ಟನ್ನರು ವಾದಕ್ಕೆ ಇಳಿಯದೆ ಕೆಲಸ ಮುಂದುವರಿಸಿದರು. ಇಂಗ್ಲೆಂಡಿನ ರಾಜ ಖಗೋಳಜ್ಞರಾಗಿದ್ದ ಮಾಸ್ಕೆಲೈನರ ಬೆಂಬಲ ಅವರ ಕೈಹಿಡಿಯಿತು.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಯಂತ್ರವನ್ನು ದೇವಸ್ಥಾನದ ಗೋಪುರದ ಮೇಲಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಅಪ್ಪಳಿಸಿತು. ಕೋನಗಳನ್ನು ಓದುವ ಮೂರಡಿ ವ್ಯಾಸದ ಚಕ್ರ ಸೊಟ್ಟಾಯಿತು. ಇನ್ನೊಂದನ್ನು ತರಿಸಬೇಕೆಂದರೆ ವರ್ಷಗಳೇ ಬೇಕು. ಲ್ಯಾಂಬ್ಟನ್ನರು ಯಾರನ್ನೂ ದೂಷಿಸದೆ ಗುಡಾರದಲ್ಲಿ ಕುಳಿತು, ಬೆಣೆ, ತಿರುಪುಗಳಿಂದ ಚಕ್ರವನ್ನು ಎಳೆಎಳೆಯಾಗಿ ಹಿಂದಕ್ಕೆಳೆದು, ಸುಮಾರು ಆರು ವಾರಗಳಲ್ಲಿ ಅದನ್ನು ಮತ್ತೆ ದುಂಡಗೆ ಮಾಡಿದರು. ಅವರ ಮುಂದಿನ ಕಾರ್ಯವೆಲ್ಲ ಆ ರಿಪೇರಿಯಾದ ಯಂತ್ರದಿಂದಲೇ ನಡೆಯಿತು.

ಈಗ ಆ ಸಂಕಟದ ವಿಷಯ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರಬೇಕೆಂದು ನ್ಯೂಟನ್ ಲೆಕ್ಕದಿಂದ ಹೇಳಿದ್ದನು. 1730ರ ದಶಕದಲ್ಲಿ ಫ್ರೆಂಚರು ಪೆರು ಮತ್ತು ಲ್ಯಾಪ್‌ಲ್ಯಾಂಡ್‌ಗಳಲ್ಲಿ ಅಳೆದು ಅದನ್ನು ದೃಢಪಡಿಸಿದ್ದರು. ಹಾಗಿದ್ದರೆ ಉತ್ತರಕ್ಕೆ ಹೋದಂತೆ ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಹೆಚ್ಚಬೇಕು. ಇದನ್ನು ನಿರ್ಧರಿಸಲು ಲ್ಯಾಂಬ್ಟನ್ನರು ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ, 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ, ತ್ರಿಕೋನಗಳನ್ನು ಏಣಿಯಂತೆ ಕಟ್ಟುತ್ತಾ ಹೋದರು. ನೆಲದ ಮೇಲಿನ ದೂರವನ್ನು ತ್ರಿಕೋನಗಳು ಹೇಳುತ್ತವೆ. ಅಕ್ಷಾಂಶವನ್ನು ನೆತ್ತಿಯ ನಕ್ಷತ್ರಗಳು ಹೇಳುತ್ತವೆ. ಎರಡೂ ಒಂದನ್ನೇ ಹೇಳಬೇಕಾಗಿತ್ತು. ಆದರೆ ಬೆಂಗಳೂರಿನ ಬಳಿಯ ನೆಲೆಯಲ್ಲಿ ಎರಡೂ ತಾಳೆಯಾಗಲಿಲ್ಲ. ಹೆಚ್ಚಬೇಕಾದ ಡಿಗ್ರಿಯ ಉದ್ದ ಕಡಿಮೆಯಾಗಿ ಕಂಡಿತು.

ಇಂತಹ ಸ್ಥಿತಿಯಲ್ಲಿ ಮನುಷ್ಯನಿಗೆ ಎರಡು ಸುಲಭದ ದಾರಿಗಳಿರುತ್ತವೆ. ಒಪ್ಪದ ಅಂಕೆಯನ್ನು ಸದ್ದಿಲ್ಲದೆ ತಿದ್ದಿಬಿಡುವುದು ಒಂದು. ಲೆಕ್ಕವೇ ಸುಳ್ಳೆಂದು ಕೈಬಿಡುವುದು ಇನ್ನೊಂದು. ಲ್ಯಾಂಬ್ಟನ್ನರು ಎರಡನ್ನೂ ಮಾಡಲಿಲ್ಲ. ಅಂಕೆಗಳನ್ನು ಇದ್ದಂತೆಯೇ ಪ್ರಕಟಿಸಿದರು, ಮತ್ತೆ ಅಳೆದರು, ಏಣಿಯನ್ನು ಇನ್ನೂ ಉದ್ದ ಮಾಡಿದರು. ಅವರ ಶಂಕೆ ತೂಗುಗುಂಡಿನ ಮೇಲೆ ಹೋಯಿತು. ಗಾರೆಯವರು ಗೋಡೆಯನ್ನು ನೆಟ್ಟಗೆ ಎಬ್ಬಿಸಲು ಬಳಸುವಂತಹ ಗುಂಡೇ ಅದು. ಅದು ತೋರುವ ನೇರಕ್ಕೆ ಹೋಲಿಸಿಯೇ ನಕ್ಷತ್ರವನ್ನು ಅಳೆಯುವುದು. ನೆಲದೊಳಗೆ ಎಲ್ಲಿಯೋ ಭಾರವಾದ ಅದಿರು ಅಡಗಿದ್ದು ಗುಂಡನ್ನು ಕೂದಲೆಳೆಯಷ್ಟು ತನ್ನತ್ತ ಸೆಳೆಯುತ್ತಿರಬಹುದೆಂದು ಅವರು ಊಹಿಸಿದರು. ತ್ರಿಕೋನದ ಭಾಷೆ ಸರಿಯಾಗಿಯೇ ಇತ್ತು. ಭೂಮಿಯ ಬಗ್ಗೆ ಮಾಡಿಕೊಂಡ ಊಹೆ ಅತಿ ಸರಳವಾಗಿತ್ತು. ಮುಂದೆ 1855ರಲ್ಲಿ ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಪ್ರಾಟ್ ಮತ್ತು ಖಗೋಳಜ್ಞ ಜಾರ್ಜ್ ಏರಿ, ಹಿಮಾಲಯದ ಬಳಿ ಕಂಡ ಇದೇ ಬಗೆಯ ವ್ಯತ್ಯಾಸವನ್ನು ಹಿಡಿದು, ಪರ್ವತಗಳ ಅಡಿಯಲ್ಲಿ ಭೂಮಿಯ ಒಳಗಟ್ಟು ಹೇಗಿದೆ ಎಂಬ ಹೊಸ ಅರಿವಿಗೆ ದಾರಿ ಮಾಡಿದರು. ತಾಳೆಯಾಗದ ಕೆಲವು ಸೆಕೆಂಡುಗಳಿಂದ ಕಣ್ಣಿಗೆ ಕಾಣದ ಪಾತಾಳದ ಸುದ್ದಿ ಬಂದಿತು.

ಏಣಿ ಉದ್ದವಾದಂತೆ ಸ್ಥಳೀಯ ಸೆಳೆತಗಳ ಪ್ರಭಾವ ಕುಗ್ಗಿತು. 1818ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಭೂಮಿಯ ಚಪ್ಪಟೆತನ ಸುಮಾರು 310ರಲ್ಲಿ ಒಂದು ಪಾಲು. ಇಂದು ಉಪಗ್ರಹಗಳಿಂದ ಒಪ್ಪಿರುವುದು 298ರಲ್ಲಿ ಒಂದು ಪಾಲು. ಗುಡಾರ, ಸರಪಳಿ ಮತ್ತು ಬೆಸುಗೆ ಹಾಕಿದಂತಿದ್ದ ಯಂತ್ರವೊಂದರಿಂದ ಇಷ್ಟು ಹತ್ತಿರ ಬಂದುದು ಸಾಮಾನ್ಯವಲ್ಲ.

ಅದೇ ವರ್ಷ ಈ ಕಾರ್ಯಕ್ಕೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂಬ ಹೆಸರು ಬಂದಿತು. ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ ಪ್ಯಾರಿಸ್ಸಿನ ವಿದ್ವತ್ ಸಂಸ್ಥೆಯ ಮನ್ನಣೆಯೂ ದೊರೆತಾಗ ಅವರಿಗೆ ಅರವತ್ತು ಮೀರಿತ್ತು. ಈ ಕೀರ್ತಿಯಲ್ಲಿ ಪಾಲು ಸಿಗದವರೂ ಇದ್ದಾರೆ. ಬೆಟ್ಟಗಳ ಮೇಲೆ ಬಾವುಟ ಹಿಡಿದು ದಿನಗಟ್ಟಲೆ ಕಾದವರು, ಯಂತ್ರವನ್ನು ಹೆಗಲ ಮೇಲೆ ಹೊತ್ತವರು, ಕಾಡುಜ್ವರಕ್ಕೆ ಬಲಿಯಾದವರು ಈ ನಾಡಿನ ಬಡವರೇ. ಅವರು ಅಳೆಯಲು ನೆರವಾದ ನೆಲದ ಮೇಲೆ ಕಂದಾಯ ಎತ್ತಿದವರು ಬೇರೆಯವರು. ಇದನ್ನು ಮರೆತು ಲ್ಯಾಂಬ್ಟನ್ನರ ಜೀವನವನ್ನು ಹೊಗಳುವುದು ನ್ಯಾಯವಲ್ಲ.

1822ರ ಕೊನೆಯಲ್ಲಿ ಅವರು ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊರಟರು. ಎಪ್ಪತ್ತರ ಹತ್ತಿರದ ವಯಸ್ಸು, ಎದೆಯಲ್ಲಿ ಕ್ಷಯ. ದಾರಿಯಲ್ಲಿ, ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ, 1823ರ ಜನವರಿ 20ರಂದು ತೀರಿಕೊಂಡರು. ನಮ್ಮ ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಿ, ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಮುಟ್ಟಿಸಿ, ದೊಡ್ಡಸ್ವಾಮಿಯವರೆಂದು ಹೆಸರಾದ ಅಬ್ಬೆ ದುಬುವಾ ಅವರು ಭಾರತವನ್ನು ಬಿಟ್ಟು ಫ್ರಾನ್ಸಿಗೆ ಹಡಗು ಹತ್ತಿದ್ದೂ ಅದೇ ಜನವರಿಯಲ್ಲಿ. 1799ರ ಒಂದೇ ಯುದ್ಧದ ಬೆನ್ನಿಗೆ ನಮ್ಮ ಸೀಮೆಯಲ್ಲಿ ಕೆಲಸ ಆರಂಭಿಸಿದ ಇಬ್ಬರು ಹೀಗೆ ಒಂದೇ ತಿಂಗಳಿನಲ್ಲಿ ಕಣ್ಮರೆಯಾದರು.

ಸಹಾಯಕರಾಗಿದ್ದ ಜಾರ್ಜ್ ಎವರೆಸ್ಟ್ ಆ ತ್ರಿಕೋನಗಳ ಏಣಿಯನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದರು. ಅದರ ಆಧಾರದ ಮೇಲೆಯೇ, ಬಂಗಾಳದ ಗಣಿತಜ್ಞ ರಾಧಾನಾಥ ಸಿಕದಾರರೂ ಪಾಲ್ಗೊಂಡ ಲೆಕ್ಕದಿಂದ, ಜಗತ್ತಿನ ಅತ್ಯುನ್ನತ ಶಿಖರದ ಎತ್ತರ 29,002 ಅಡಿಯೆಂದು 1856ರಲ್ಲಿ ಘೋಷಿಸಲಾಯಿತು; ಶಿಖರಕ್ಕೆ ಎವರೆಸ್ಟರ ಹೆಸರನ್ನು ಇಟ್ಟರು. ಲ್ಯಾಂಬ್ಟನ್ನರ ಸಮಾಧಿ ಹಿಂಗಣಘಾಟದಲ್ಲಿದೆ.